ಮೆಷಿನ್ ಮುಂದಿನ ಚಪ್ಪಲಿ

ಗಿರಾಕಿಗಳೆಲ್ಲ ಅವನನ್ನು ಕರೆಯುತ್ತಿದ್ದದ್ದು ‘ಅರ್ತ್ ಅಣ್ಣ’ ಎಂದೇ. ಇಪ್ಪತ್ತಾರು ವರ್ಷ ವೈರಿಂಗ್ ಮಾಡಿದ ಕೈ; ಸೋರಿದ ಕರೆಂಟನ್ನು ನೆಲಕ್ಕಿಳಿಸುವ ಅರ್ತ್ ವೈರ್ ಇಲ್ಲದ ಮನೆಯ ಕೆಲಸ ಒಪ್ಪುತ್ತಿರಲಿಲ್ಲ. ಬರೀ ಫ್ಯಾನ್ ಹಾಕಲು ಕರೆದರೂ ಮೊದಲು ಮೇನ್ ಬೋರ್ಡಿನ ಮುಂದೆ ನಿಂತು, ಕರೆಂಟ್ ಸೋರಿದೊಡನೆ ಬಿದ್ದುಬಿಡುವ ಟ್ರಿಪ್ ಸ್ವಿಚ್ಚಿನ ಟೆಸ್ಟ್ ಗುಂಡಿ ಒತ್ತುತ್ತಿದ್ದ. ಅದು ಟಪ್ಪೆಂದು ಬಿದ್ದ ಮೇಲೇ ಏಣಿ ಹತ್ತುತ್ತಿದ್ದದ್ದು.

“ತಿಂಗಳಿಗೊಂದ್ಸಲ ಒತ್ತಿ ನೋಡಿ ಅಮ್ಮಾ. ಇದು ಬೀಳಲಿಲ್ಲ ಅಂದ್ರೆ ಮನೇಲಿ ಯಾರಾದ್ರೂ ಬೀಳ್ತಾರೆ.”

ಇಷ್ಟು ಉಪದೇಶ ಮಾಡುವ ಮಹಾಶಯನ ಸ್ವಂತ ಮನೆಯಲ್ಲಿ, ಬಟ್ಟೆ ಒಗೆಯುವ ಮೆಷಿನ್ ಹಾಕಿದಾಗಲೆಲ್ಲ ಟ್ರಿಪ್ ಸ್ವಿಚ್ ಬೀಳತೊಡಗಿತು. ನೆನೆದ ಬಟ್ಟೆ ಹಿಡಿದು ಹೆಂಡತಿ ಕೂಗಾಡಿದಳು. ಅವನಿಗೆ ಕೆಲಸಕ್ಕೆ ಹೊತ್ತಾಗಿತ್ತು. ಕರೆಂಟ್ ಆ ಸ್ವಿಚ್ಚಿನೊಳಗೆ ಹೋಗದಂತೆ ಅದರ ವೈರುಗಳನ್ನು ಕಳಚಿ, ಗೇಣುದ್ದದ ಎರಡು ತುಂಡುಗಳಿಂದ ಆಚೆ ಈಚೆ ನೇರ ಸೇರಿಸಿ, ಕಪ್ಪು ಟೇಪ್ ಸುತ್ತಿ, “ಭಾನುವಾರ ಸರಿ ಮಾಡ್ತೀನಿ ಕಣೇ” ಎಂದು ಹೊರಟ. ಆಮೇಲೆ ಸ್ವಿಚ್ ಬೀಳಲೇ ಇಲ್ಲ. ಬೀಳುವ ದಾರಿಯನ್ನೇ ಮುಚ್ಚಿದ್ದ. ಹದಿನಾಲ್ಕು ತಿಂಗಳ ಭಾನುವಾರಗಳು ಹಾಗೇ ಕಳೆದವು.

ನಡುವೆ ಮೆಷಿನ್ ಮುಟ್ಟಿದರೆ ಕೈ ಜುಮ್ಮೆನ್ನಲು ಶುರುವಾಯಿತು. ಹೆಂಡತಿ ಹೇಳಿದಳು. “ಅರ್ತ್ ಸಡಿಲ ಆಗಿರ್ಬೇಕು. ಸದ್ಯಕ್ಕೆ ರಬ್ಬರ್ ಚಪ್ಪಲಿ ಹಾಕ್ಕೋ,” ಎಂದ ಅರ್ತ್ ಅಣ್ಣ. ಅಲ್ಲಿಂದ ಮೆಷಿನ್ ಮುಂದೆ ಒಂದು ಜೊತೆ ನೀಲಿ ಚಪ್ಪಲಿ ಕಾಯಂ ಆಯಿತು. ಮನೆಯವರ ಕಾಲು ಅದನ್ನು ತಾನಾಗಿ ಹುಡುಕುತ್ತಿತ್ತು. ಎಂಥ ಅಚ್ಚುಕಟ್ಟು ಸಂಸಾರ ನೋಡಿ! ಸಾವಿನ ಜೊತೆ ಹೊಂದಾಣಿಕೆ ಮಾಡಿಕೊಂಡು, ಅದಕ್ಕೊಂದು ಜಾಗವನ್ನೂ ಗೊತ್ತು ಮಾಡಿತ್ತು.

ಹೆಂಡತಿಯ ತಂಗಿ ಎರಡು ದಿನ ಇರಲೆಂದು ಬಂದಳು. ಚಪ್ಪಲಿಯ ವಿಷಯ ಅವಳಿಗೆ ಯಾರೂ ಹೇಳಲಿಲ್ಲ. ಬೆಳಿಗ್ಗೆ ಸ್ನಾನ ಮಾಡಿ, ಒದ್ದೆ ಬರಿಗಾಲಲ್ಲಿ ಬಂದು, ಅಕ್ಕನಿಗೆ ನೆರವಾಗಲೆಂದು ಮೆಷಿನ್ನಿನ ಬಾಗಿಲಿಗೆ ಕೈ ಹಾಕಿದಳು. ಕೂಗಲೂ ಆಗದೆ ಅಲ್ಲೇ ನಡುಗುತ್ತ ನಿಂತಳು. ಅಕ್ಕ ಓಡಿ ಮೇನ್ ಸ್ವಿಚ್ ಎಳೆದಾಗ ತಂಗಿ ಗೋಡೆಗೆ ಬಡಿದು ಕುಸಿದಳು.

ಅವಳು ಉಳಿದಳು. ಅಂಗೈ ಸುಟ್ಟಿತ್ತು, ಮೊಣಕೈ ಬಾತಿತ್ತು. ಆಸ್ಪತ್ರೆಯಲ್ಲಿ ಎದೆಬಡಿತ ಪರೀಕ್ಷಿಸಿದ ಡಾಕ್ಟರು, “ಇನ್ನೆರಡು ಕ್ಷಣ ಆಗಿದ್ರೆ ಕಷ್ಟ ಇತ್ತು,” ಎಂದರು.

ಮಧ್ಯಾಹ್ನ ಅವರಿಬ್ಬರ ಜೊತೆ ಆಸ್ಪತ್ರೆಯಿಂದ ಮನೆಗೆ ಬಂದವನೇ ಅವನು ಟೆಸ್ಟರ್ ಹಿಡಿದು ಬೋರ್ಡಿನತ್ತ ನಡೆದ. ಹೆಂಡತಿ ಅಡ್ಡ ನಿಂತಳು.

“ನೀವು ಮುಟ್ಬೇಡಿ. ಎಲೆಕ್ಟ್ರಿಷಿಯನ್ನ ಕರೆಸಿದೀನಿ.”

ಬಂದವನು ಪಕ್ಕದ ಬೀದಿಯ ಕನ್ನಡಕದವನು. ಇಬ್ಬರಿಗೂ ಹಳೆಯ ಪೈಪೋಟಿ. ಬೋರ್ಡ್ ಬಿಚ್ಚಿ, ಟೇಪ್ ಸುತ್ತಿದ ತುಂಡುಗಳನ್ನು ಇಕ್ಕಳದಲ್ಲಿ ಎತ್ತಿ ಹಿಡಿದ.

“ಯಾವ ಕಟುಕ ಮಾಡಿದ್ದಪ್ಪ ಇದನ್ನ? ನೀವು ನೋಡೇ ಇರ್ಲಿಲ್ವಾ ಅರ್ತ್ ಅಣ್ಣಾ?”

ಹಿಂದೆ ಇದ್ದ ಬಾಡಿಗೆಯವರು ಎಂಬ ಸುಳ್ಳು ನಾಲಿಗೆಯ ತುದಿಗೆ ಬಂದಿತ್ತು. ಕುರ್ಚಿಯಲ್ಲಿ ನಾದಿನಿ ಕೂತಿದ್ದಳು, ಪಟ್ಟಿ ಕಟ್ಟಿದ ಕೈಯನ್ನು ಮಡಿಲಲ್ಲಿಟ್ಟುಕೊಂಡು.

“ನಾನೇ,” ಎಂದ. ಇಕ್ಕಳದ ತುದಿಯನ್ನೇ ನೋಡುತ್ತ ಮತ್ತೆ ಹೇಳಿದ. “ನಾನೇ ಮಾಡಿದ್ದು.”

ಕನ್ನಡಕದವನು ಗೇಲಿ ಮಾಡಿದ್ದರೆ ಎಷ್ಟೋ ವಾಸಿಯಿತ್ತು. ಅವನು ತಲೆ ತಗ್ಗಿಸಿ ಕೆಲಸಕ್ಕೆ ತೊಡಗಿದ. ಮೆಷಿನ್ನಿನ ಹೀಟರಿನಿಂದ ಕರೆಂಟ್ ಸೋರುತ್ತಿತ್ತು; ಅದು ಬದಲಾಗುವವರೆಗೆ ಹಾಕಕೂಡದೆಂದು ಪ್ಲಗ್ ಕಿತ್ತಿಟ್ಟ. ಸಾಕೆಟ್ಟಿನಲ್ಲಿ ಕಳಚಿದ್ದ ಅರ್ತ್ ವೈರ್ ಕೂಡಿಸಿದ. ಆ ತುಂಡುಗಳನ್ನು ತೆಗೆದು, ವೈರುಗಳನ್ನು ವಾಪಸ್ ಹಾಕಿ ಟ್ರಿಪ್ ಸ್ವಿಚ್ಚಿಗೆ ಮತ್ತೆ ಜೀವ ಕೊಟ್ಟ. ಒಟ್ಟು ಇಪ್ಪತ್ತು ನಿಮಿಷ.

“ಟೆಸ್ಟ್ ನೀವೇ ಒತ್ತಿ ಅಣ್ಣಾ,” ಎಂದು ಪಕ್ಕಕ್ಕೆ ಸರಿದ.

ಒತ್ತಿದ. ಟಪ್ಪೆಂದಿತು. ಫ್ಯಾನ್ ಗಿರಗಿರ ತಿರುಗಿ ನಿಂತಿತು. ಆ ನಿಶ್ಶಬ್ದದಲ್ಲಿ ನಾದಿನಿ ಕೇಳಿದಳು:

“ಇಷ್ಟೇ ಕೆಲಸಾನಾ ಭಾವಾ?”

ಅವನು ಹಿಂದಿರುಗಿ ನೋಡದೆ ಸ್ವಿಚ್ ಮೇಲೆತ್ತಿದ. ಹೆಂಡತಿ ಬಗ್ಗಿ ನೀಲಿ ಚಪ್ಪಲಿ ಎತ್ತಿಕೊಂಡಳು. ಅವಳೂ ತಂಗಿಯ ಮುಖ ನೋಡಲಿಲ್ಲ.