ನಾಲ್ಕೇ ಮಂದಿ ಇದ್ದೆವು

ಮಲ್ಲೇಶಪ್ಪನ ಹಟ ನನಗೆ ಮೊದಲಿನಿಂದಲೂ ಗೊತ್ತಿತ್ತು. ದಾವಣಗೆರೆಯ ಒಂದು ಹತ್ತಿ ಗಿರಣಿಯಲ್ಲಿ ಅವನು ಮಗ್ಗದ ಖಾತೆಯವನು, ನಾನು ಟೈಮ್ ಆಫೀಸಿನಲ್ಲಿ ಹಾಜರಿ ಬರೆಯುವ ಗೌಸ್ ಪೀರ್. ಇಪ್ಪತ್ತೆರಡು ವರ್ಷ ಅವನು ಹರಿಹರದಿಂದ ಬೆಳಗಿನ ಪ್ಯಾಸೆಂಜರ್ ಗಾಡಿಗೆ ಬಂದು ಹೋಗಿ ಮಾಡಿದ. ಒಂದು ದಿನ ಗಾಡಿ ಎರಡು ತಾಸು ತಡ. ಪಾಪ ಅನ್ನಿಸಿ, "ಹೋಗ್ಲಿ ಬಿಡಣ್ಣ, ಟೈಮಿಗೇ ಬಂದೀಯ ಅಂತ ಬರ್ಕೊಂತೀನಿ" ಅಂದೆ. "ಬ್ಯಾಡ. ಬಂದಿದ್ದು ಹತ್ತಕ್ಕೆ, ಹತ್ತು ಅಂತಾನೇ ಬರಿ" ಅಂದ. ಉಪಕಾರ ಮಾಡಲು ಹೋದ ನನಗೇ ಕಪಾಳಕ್ಕೆ ಹೊಡೆದ ಹಾಗಾಯಿತು. ಇಂಥವನ ಜೊತೆ ಏಗುವುದು ಕಷ್ಟ ಎಂದು ಆಗಲೇ ತಿಳಿದುಕೊಳ್ಳಬೇಕಿತ್ತು.

ತೊಂಬತ್ತೆಂಟರ ಸಂಕ್ರಾಂತಿ ಕಳೆದ ಮೇಲೆ ಗಿರಣಿಗೆ ಬೀಗ ಬಿತ್ತು. ಯಾಕೆ ಮುಚ್ಚಿದರು, ಮತ್ತೆ ತೆಗೆಯುತ್ತಾರೋ ಇಲ್ಲವೋ, ಹೇಳುವವರೇ ಇರಲಿಲ್ಲ. ದಾವಣಗೆರೆ ಆಗಷ್ಟೇ ಜಿಲ್ಲೆಯಾಗಿತ್ತು. ಹೊಸ ಬೋರ್ಡು, ಹೊಸ ಜೀಪು, ಹೊಸ ಸಾಹೇಬರು. ರಸ್ತೆಯ ಗುಂಡಿಗಳು ಮಾತ್ರ ಹಳೆಯವೇ. ಅರ್ಜಿ ಕೊಟ್ಟು ಕೊಟ್ಟು ಸಾಕಾಗಿ ಕಾರ್ಮಿಕರೆಲ್ಲ ದೊಡ್ಡ ಕಚೇರಿಯ ಎದುರು ಧರಣಿ ಕೂರುವುದೆಂದು ತೀರ್ಮಾನಿಸಿದೆವು. ಕೂರುವ ಮೊದಲೇ ಅಲ್ಲಿ ನಿಷೇಧಾಜ್ಞೆ ಹಾಕಿದರು. ಐದು ಅಥವಾ ಅದಕ್ಕಿಂತ ಹೆಚ್ಚು ಜನ ಸೇರುವಂತಿಲ್ಲ.

ಉಳಿದವರೆಲ್ಲ ಕೈಚೆಲ್ಲಿದಾಗ ಮಲ್ಲೇಶಪ್ಪ ಒಬ್ಬ ವಕೀಲರನ್ನು ಕೇಳಿಕೊಂಡು ಬಂದ. "ಐದು ಮಂದಿ ಕುಂದ್ರಂಗಿಲ್ಲ ಅಂದಾರೆ. ನಾಲ್ಕು ಮಂದಿ ಕುಂದ್ರಬೋದು. ಶಾಂತಿಯಿಂದ ಕುಂತು ನಮ್ಮ ಮಾತು ಹೇಳಾದು ನಮ್ಮ ಹಕ್ಕು, ದೊಡ್ಡ ಕಾನೂನ್ನಾಗೇ ಬರೆದೈತೆ" ಅಂದ. ಆ ಮಾತನ್ನು ಅವನು ಹೊಸ ಅಂಗಿ ತೊಟ್ಟವನ ಹಾಗೆ ಖುಷಿಯಿಂದ ಹೇಳಿದ್ದು ನನಗೆ ಇವತ್ತಿಗೂ ಕಣ್ಣಿಗೆ ಕಟ್ಟಿದಂತಿದೆ.

ಹೀಗೆ ಜೂನ್ ತಿಂಗಳಿಂದ ಫುಟ್‌ಪಾತಿನ ಮೇಲೆ ಒಂದು ಗೋಣಿತಟ್ಟು ಹಾಸಿ ದಿನಕ್ಕೆ ನಾಲ್ಕೇ ಮಂದಿ ಕೂರತೊಡಗಿದೆವು. ಮುಂದೆ ಒಂದು ರಟ್ಟು: 'ಗಿರಣಿ ಬಾಗಿಲು ತೆಗೆಸಿ, ಇಲ್ಲವೇ ಯಾಕೆ ತೆಗೆಸುವುದಿಲ್ಲ ಹೇಳಿ.' ಘೋಷಣೆ ಇಲ್ಲ, ಮೈಕಿಲ್ಲ, ಹೋಗಿಬರುವವರಿಗೆ ಅಡ್ಡಿಯಿಲ್ಲ. ಒಂದೇ ಕಟ್ಟುನಿಟ್ಟು. ಯಾರಾದರೂ ಮಾತಾಡಿಸಲು ಬಂದು ಕೂತರೆ ನಮ್ಮಲ್ಲೊಬ್ಬ ತಟ್ಟನೆ ಎದ್ದು ರಸ್ತೆ ದಾಟಿ ಟೀ ಅಂಗಡಿಗೆ ಹೋಗಬೇಕು. ಏಳುವುದಕ್ಕೆ ದಿನಕ್ಕೊಬ್ಬರ ಸರದಿ. ಕಾವಲಿಗೆ ಹಾಕಿದ್ದ ಪೇದೆ ಕರಿಬಸವರಾಜ ಒಳ್ಳೆಯವನೇ. ತಾಸಿಗೊಮ್ಮೆ ಬಂದು ಬೆರಳು ಮಡಚಿ ಎಣಿಸಿ, "ನಾಲ್ಕು. ಸರಿ ಐತೆ, ಕೂಡ್ರಿ" ಅಂದು ನಮ್ಮ ಹತ್ತಿರವೇ ಎಲೆ ಅಡಿಕೆ ಇಸಿದುಕೊಂಡು ಹೋಗುವನು.

ನಾಗರಪಂಚಮಿಗೂ ಮಲ್ಲೇಶಪ್ಪ ಮನೆಯಲ್ಲಿ ನಿಲ್ಲಲಿಲ್ಲ. ಅವತ್ತು ಮಧ್ಯಾಹ್ನ ಅವನ ಹೆಂಡತಿ ಕೊಟ್ರವ್ವ ತಾನೇ ಹರಿಹರದಿಂದ ಗಾಡಿ ಹತ್ತಿ ಬಂದಳು. ಅವರಿಗೆ ಮಕ್ಕಳಿರಲಿಲ್ಲ, ಪ್ರೀತಿಯನ್ನೆಲ್ಲ ಅವಳು ಅಡುಗೆಗೇ ಹಾಕುತ್ತಿದ್ದಳು. ಸೆರಗಿನೊಳಗೆ ಬುತ್ತಿಗಂಟು, ಅದರಲ್ಲಿ ಜೋಳದ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಉಂಡಿ, ಎಳ್ಳುಂಡಿ. "ಹಬ್ಬದ ದಿನ ಬರೇ ಬಾಯಾಗ ಕುಂತೀರಲ್ಲಪ್ಪ" ಅಂದು ನಮಗೆಲ್ಲ ಹಂಚಲು ನಿಂತಳು. ಬಿಸಿಲಿಗೆ ಮುಖ ಕೆಂಪಾಗಿತ್ತು. ನಾನು ಅಂದೆ: "ಕೂಡ್ರಕ್ಕ, ಸುಧಾರಿಸ್ಕೊಳ್ರಿ."

ಅವಳು ಕೂತಳು. ಅವತ್ತು ಏಳುವ ಸರದಿ ನನ್ನದು.

ನಾನು ಏಳಲಿಲ್ಲ. ಬೆಳಗಿನಿಂದ ಹೊಟ್ಟೆಗೆ ಏನೂ ಬಿದ್ದಿರಲಿಲ್ಲ, ಕೈಗೆ ರೊಟ್ಟಿ ಬಂದಿತ್ತು. ಇದೊಂದು ತುತ್ತು ತಿಂದು ಏಳೋಣ ಅಂದುಕೊಂಡೆ. ಎರಡನೇ ತುತ್ತಿಗೂ ಅದನ್ನೇ ಅಂದುಕೊಂಡೆ.

ಅದೇ ಹೊತ್ತಿಗೆ ಒಬ್ಬ ಮಂತ್ರಿ ಬರುವವರಿದ್ದರಂತೆ, ನಮಗೇನು ಗೊತ್ತು. ಜೀಪಿನಿಂದ ಇಳಿದ ಸಬ್ ಇನ್‌ಸ್ಪೆಕ್ಟರ್ ಬೇರೆ ಊರಿನಿಂದ ಹೊಸದಾಗಿ ಬಂದವನು, ನಮ್ಮನ್ನು ನೋಡಿದ್ದೇ ಅವತ್ತು. "ಎಷ್ಟು ಜನ ಇದಾರ್ರೀ ಅಲ್ಲಿ?" ಎಂದು ಕರಿಬಸವರಾಜನನ್ನು ಕೇಳಿದ. ಕರಿಬಸವರಾಜ ನಮ್ಮನ್ನು ನೋಡಿದ, ಕೊಟ್ರವ್ವನನ್ನು ನೋಡಿದ. ಬುತ್ತಿ ತಂದ ಹೆಂಗಸು ಎಂದು ಅವನಿಗೆ ಗೊತ್ತಿತ್ತು. ಒಂದು ಮಾತು ಹೇಳಬಹುದಿತ್ತು. "ಐದು ಸಾರ್" ಅಂದ.

ಎದ್ದು ಹೋಗಿ ಎಂದು ಹೇಳಲೂ ಇಲ್ಲ. ಪೊಲೀಸರು ಲಾಠಿ ಬೀಸಿಕೊಂಡೇ ಬಂದರು. ಮಲ್ಲೇಶಪ್ಪ ಎರಡೂ ಕೈ ಮೇಲೆತ್ತಿ, "ಸ್ವಾಮಿ, ನಾಲ್ಕೇ ಮಂದಿ ಅದೀವಿ, ಆಕಿ ನಮ್ಮಾಕಿ, ಬುತ್ತಿ ತಂದಾಳೆ" ಎಂದು ಕೂಗಿದ. ನಾವು ಮೂವರು ಎದ್ದು ಓಡಿದೆವು. ಕೊಟ್ರವ್ವ ಬುತ್ತಿಗಂಟು ಎತ್ತಿಕೊಳ್ಳಲು ಬಗ್ಗಿದ್ದಳು. ಪೆಟ್ಟು ತಲೆಯ ಹಿಂಭಾಗಕ್ಕೆ ಬಿತ್ತು, ಹಣೆ ಚರಂಡಿಯ ಕಲ್ಲಿಗೆ ಬಡಿಯಿತು. ಅವಳನ್ನು ಆಟೋದಲ್ಲಿ ಆಸ್ಪತ್ರೆಗೂ, ಅವನನ್ನು ಜೀಪಿನಲ್ಲಿ ಠಾಣೆಗೂ ಒಯ್ದರು. ಸ್ವಲ್ಪ ಹೊತ್ತಿಗೆ ನಮ್ಮನ್ನೂ ಹಿಡಿದು ತಂದರು.

ಮರುದಿನ ತಾಲ್ಲೂಕು ದಂಡಾಧಿಕಾರಿಗಳ ಕಚೇರಿಯಲ್ಲಿ ಒಂದು ಮುಚ್ಚಳಿಕೆ ಪತ್ರ ಮುಂದಿಟ್ಟರು. ರುಜು ಹಾಕಿ ಮನೆಗೆ ಹೋಗಿ, ಇಲ್ಲದಿದ್ದರೆ ಜೈಲು. ಇನ್ನೊಂದು ವರ್ಷ ಎಲ್ಲೂ ಧರಣಿ ಕೂರುವುದಿಲ್ಲ ಎಂದಿತ್ತು. ಅದಕ್ಕೆ ಮೊದಲು ಇನ್ನೊಂದು ಸಾಲಿತ್ತು: 'ಕೊಟ್ರವ್ವ ಎಂಬಾಕೆ ಸೇರಿ ಐದು ಜನ ಅಕ್ರಮವಾಗಿ ಗುಂಪುಗೂಡಿ, ಚದುರಲು ಹೇಳಿದರೂ ಚದುರದೆ ಗಲಾಟೆ ಮಾಡಿದ್ದು ನಿಜ.' ಉಳಿದಿಬ್ಬರು ರುಜು ಹಾಕಿದರು. ನಾನೂ ಹಾಕಿದೆ. ಕೈ ನಡುಗಿತೆಂದು ಸುಳ್ಳು ಹೇಳುವುದಿಲ್ಲ, ಚೆನ್ನಾಗಿಯೇ ಹಾಕಿದೆ.

ಮಲ್ಲೇಶಪ್ಪ ಕಾಗದವನ್ನು ಎರಡು ಸಲ ಓದಿದ. "ವರ್ಷ ಅಲ್ಲ, ಹತ್ತು ವರ್ಷ ಕುಂದ್ರಂಗಿಲ್ಲ ಅಂತ ಬರೀರಿ, ಹಾಕ್ತೀನಿ. ಆದ್ರ ನಾಲ್ಕು ಅಂತ ಬರೀರಿ. ಆಕಿ ಗಲಾಟಿ ಮಾಡಾಕ ಬಂದಾಕಿ ಅಲ್ಲ. ಆಕಿ ತಲಿ ಒಡೆದಿದ್ದು ಸರಿ ಅಂತ ನಾ ಹೆಂಗೆ ಬರಕೊಡ್ಲಿ?" ಅಂದ. ನಾಲ್ಕು ಎಂದು ಬರೆದರೆ ಲಾಠಿ ಬೀಸಿದ್ದಕ್ಕೆ ಕಾರಣವೇ ಉಳಿಯುವುದಿಲ್ಲ, ಅದು ಅವರಿಗೂ ಗೊತ್ತಿತ್ತು. ಬರೆಯಲಿಲ್ಲ. ಅವನು ಜೈಲಿಗೆ ಹೋದ.

ಊರಲ್ಲಿ ಅವನ ಹೆಸರು ಮನೆಮಾತಾಯಿತು. ಒಂದು ಸ್ಥಳೀಯ ಪತ್ರಿಕೆ ನಾಲ್ಕು ಸಾಲು ಬರೆಯಿತು. ಟೀ ಅಂಗಡಿಯಲ್ಲಿ ಜನ, "ಗಂಡಸು ಅಂದ್ರ ಅವನು" ಅನ್ನುವಾಗ ನಾನೂ ಎದೆ ಸೆಟೆಸಿಕೊಂಡು ಕೂರುತ್ತಿದ್ದೆ. ನಾವು ಮೂವರು ಬಿಟ್ಟುಕೊಟ್ಟ ಮಾನವನ್ನೆಲ್ಲ ಅವನೊಬ್ಬ ಒಳಗೆ ಕೂತು ಕಾಯುತ್ತಿದ್ದ. ಅವನು ಅಲ್ಲೇ ಇರಲಿ ಎಂದು ನನ್ನ ಮನಸ್ಸು ಬಯಸುತ್ತಿತ್ತು. ಇದನ್ನು ಬರೆಯುವಾಗ ನನ್ನ ಮೇಲೆ ನನಗೇ ಅಸಹ್ಯವಾಗುತ್ತದೆ.

ದಿನಾ ಬೆಳಿಗ್ಗೆ ಆಸ್ಪತ್ರೆಗೆ, ಮಧ್ಯಾಹ್ನ ಜೈಲಿಗೆ ನಾನೇ ಓಡಾಡುತ್ತಿದ್ದೆ. ಕಡರನಾಯಕನಹಳ್ಳಿಯಿಂದ ಬಂದು ಆಸ್ಪತ್ರೆಯಲ್ಲಿದ್ದ ಕೊಟ್ರವ್ವನ ತಮ್ಮನಿಗೆ ಭಾವನ ಮೇಲೆ ಕೆಂಡದಂಥ ಸಿಟ್ಟು; ಜೈಲಿನ ಕಡೆ ತಲೆಯೂ ಹಾಕಲಿಲ್ಲ. ಮೊದಲೆರಡು ದಿನ ಕೊಟ್ರವ್ವ ಮಾತಾಡಿದಳು. "ಅವ್ರು ಎಲ್ಲದಾರೆ ತಮ್ಮಾ, ಉಂಡಾರೇನು?" ಎಂದು ಒಂದೇ ಮಾತು. "ನಾಳೆ ಬರ್ತಾರಕ್ಕ" ಅಂದೆ. ಆಮೇಲೆ ಮಂಪರು ಹೆಚ್ಚಾಯಿತು. ಆರನೇ ದಿನ ನಾನು ಹೋದಾಗ ಕಣ್ಣು ಬಿಡಲಿಲ್ಲ. ತಲೆಯೊಳಗೆ ರಕ್ತ ಕಟ್ಟಿದೆ, ಹೇಳಲಾಗದು ಅಂದರು ಡಾಕ್ಟರು.

ಅದೇ ಮಧ್ಯಾಹ್ನ ಜೈಲಿನ ಸರಳು ಹಿಡಿದುಕೊಂಡು ಮಲ್ಲೇಶಪ್ಪ ಕೇಳಿದ: "ಆಕಿ ಹೆಂಗದಾಳೆ? ಖರೆ ಹೇಳು ಗೌಸು. ಭಾಳ ಆಗಿದ್ರ ಹೇಳು, ಈಗಿಂದೀಗ ಐದು ಅಂತ ಬರಕೊಟ್ಟು ಬರ್ತೀನಿ. ಆಕಿ ಮುಂದ ನನ್ನ ಹಟ ಏನೂ ದೊಡ್ಡದಲ್ಲ."

ನಾನು ಹೇಳಿದೆ: "ಎದ್ದು ಕೂಡ್ತಾಳಣ್ಣ. ಇವತ್ತು ಗಂಜಿ ಕುಡಿದ್ಲು. ನೀ ಗಟ್ಟಿಯಾಗಿರು."

ಅವನ ಮುಖ ಅರಳಿತು. "ಹಂಗಾರ ಇನ್ನೆರಡು ದಿನ ನೋಡಾಣ. ಅವ್ರು ಬರೀಲೇಬೇಕಾಗ್ತೈತೆ" ಅಂದ. ಏಳನೇ ದಿನವೂ ಎಂಟನೇ ದಿನವೂ ನಾನು ಅದನ್ನೇ ಹೇಳಿದೆ. ಒಮ್ಮೆ ಹೇಳಿದ ಮೇಲೆ ತಿದ್ದಿಕೊಳ್ಳಲು ಧೈರ್ಯ ಬರಲಿಲ್ಲ.

ಒಂಬತ್ತನೇ ದಿನ ಬೆಳಿಗ್ಗೆ ಕೊಟ್ರವ್ವ ಹೋಗಿಬಿಟ್ಟಳು. ಸುದ್ದಿ ಹೇಳಿದಾಗ ಮಲ್ಲೇಶಪ್ಪ ಪೇದೆಗಳ ಜೊತೆ ತಾಲ್ಲೂಕು ಕಚೇರಿಗೆ ನಡೆದ. ಆ ಕಾಗದವನ್ನು ಓದದೆ, ಐದು ಎಂದಿದ್ದಂತೆಯೇ ರುಜು ಹಾಕಿದ. ಸಂಜೆಯೊಳಗೆ ಹರಿಹರದಲ್ಲಿ ಮಣ್ಣು ಮಾಡಿದೆವು. ಅಲ್ಲಿ ಅವಳ ತಮ್ಮನ ಹೆಂಡತಿ ಬಾಯಿ ಬಡಿದುಕೊಂಡು ಅಳುತ್ತಾ, "ನಾಲ್ಕು ದಿನದಿಂದ ಕಣ್ಣ ಬಿಡ್ಲಿಲ್ಲಲ್ಲೇ ನಮ್ಮವ್ವಾ, ಹನಿ ನೀರು ಇಳೀಲಿಲ್ಲಲ್ಲೇ" ಅಂದಳು. ಮಲ್ಲೇಶಪ್ಪ ತಲೆ ಎತ್ತಿ ಗುಂಡಿಯ ಆಚೆ ನಿಂತಿದ್ದ ನನ್ನನ್ನು ನೋಡಿದ. ನೋಡುತ್ತಲೇ ಇದ್ದ. ಆಮೇಲೆ ಬಗ್ಗಿ ಮಣ್ಣು ತಗೊಂಡ.

ಇನ್ನು ನನ್ನ ಮುಖ ನೋಡಲಾರ ಅಂದುಕೊಂಡಿದ್ದೆ. ಒಂದು ತಿಂಗಳಿಗೆ ಸರಿಯಾಗಿ ಬೆಳಗಿನ ಗಾಡಿಗೆ ಬಂದು ನನ್ನ ಮನೆ ಬಾಗಿಲಲ್ಲಿ ನಿಂತ. "ಒಂದು ಅರ್ಜಿ ಬರಕೊಡು" ಅಂದ. ರುಜು ಹಾಕಿದ್ದು ಒತ್ತಾಯಕ್ಕೆ, ದಾಖಲೆಯಲ್ಲಿ ಐದು ಎಂದಿರುವುದನ್ನು ನಾಲ್ಕು ಎಂದು ತಿದ್ದಬೇಕು, ತನ್ನ ಹೆಂಡತಿ ಹಬ್ಬದ ಬುತ್ತಿ ತಂದವಳು, ಅಷ್ಟೇ. ಬರೆದುಕೊಟ್ಟೆ. ಉತ್ತರ ಬರಲಿಲ್ಲ. ಮುಂದಿನ ತಿಂಗಳು ಮತ್ತೆ ಬಂದ. ಹೀಗೆ ತಿಂಗಳಿಗೊಂದು. ನನ್ನ ಹೆಂಡತಿ ಸುಗ್ರಾಬಿ ಎಷ್ಟು ಬೇಡಿಕೊಂಡರೂ ನಮ್ಮ ಮನೆಯಲ್ಲಿ ಒಂದು ಲೋಟ ನೀರು ಕುಡಿಯುತ್ತಿರಲಿಲ್ಲ. ಮೊದಲು ಅದೇ ಮನೆಯಲ್ಲಿ ಕೇಳಿ ಕೇಳಿ ಚಹಾ ಕುಡಿದವನು. ನನ್ನನ್ನು ಒಂದು ಮಾತೂ ಕೇಳಲಿಲ್ಲ.

ತೊಂಬತ್ತೊಂಬತ್ತರ ಪಂಚಮಿ ಬಂತು. ಅವತ್ತು ಅವನು ಹೇಳಿದ್ದನ್ನೆಲ್ಲ ಬರೆದು, ಕೆಳಗೆ ನನ್ನದೇ ಎರಡು ಸಾಲು ಸೇರಿಸಿದೆ. ವರ್ಷದಿಂದ ಎದೆಯೊಳಗೆ ಕೊಳೆಯುತ್ತಿದ್ದದ್ದು. ಗಟ್ಟಿಯಾಗಿ ಓದಿದೆ: "ಆ ದಿನ ಆಕೆಯನ್ನು ಕೂರಿಸಿ, ನನ್ನ ಸರದಿ ಇದ್ದರೂ ಏಳದೆ ಕೂತವನು ಈ ಅರ್ಜಿ ಬರೆದ ಗೌಸ್ ಪೀರ್. ಆಕೆ ಸಾಯುತ್ತಿದ್ದಾಗ ಹುಷಾರಾಗಿದ್ದಾಳೆಂದು ಗಂಡನಿಗೆ ಸುಳ್ಳು ಹೇಳಿದವನೂ ನಾನೇ."

ಮಲ್ಲೇಶಪ್ಪ ಆ ಎರಡು ಸಾಲಿನ ಮೇಲೆ ಬೆರಳಿಟ್ಟ.

"ಅದನ್ನ ಹೊಡೆದು ಹಾಕು" ಅಂದ.

"ಯಾಕಣ್ಣ? ಖರೇನೇ ಐತಲ್ಲ."

"ಖರೆ ಐತೆ. ಅದನ್ನ ಓದಿದ್ರ ಅವ್ರು ತಪ್ಪೆಲ್ಲ ನಿನ್ನ ತಲಿ ಮ್ಯಾಲೆ ಹಾಕಿ ಕೈ ತೊಳ್ಕೊಂತಾರೆ. ಹೊಡೆದಾವ್ರು ಅವ್ರು." ಧೋತರದ ಚುಂಗಿನಿಂದ ಕಣ್ಣು ಒರೆಸಿಕೊಂಡ. "ನಿಂದು ನನಗ ಗೊತ್ತೈತೆ. ಅದು ಕಾಗದದಾಗ ಬ್ಯಾಡ."

ಹೊಡೆದು ಹಾಕಿದೆ. ಅವನು ಕೆಳಗೆ ರುಜು ಹಾಕಿ, ಚಪ್ಪಲಿ ಮೆಟ್ಟಿ, ಹನ್ನೊಂದರ ಗಾಡಿಗೆ ಹೊರಟುಹೋದ. ಒಂದೇ ಒಂದು ಸಲ ಕುತ್ತಿಗೆಪಟ್ಟಿ ಹಿಡಿದು ಬೈದಿದ್ದರೆ ಅವನ ಕಾಲು ಹಿಡಿದು ಅತ್ತುಬಿಡುತ್ತಿದ್ದೆ. ಅಷ್ಟನ್ನೂ ಅವನು ನನಗೆ ಕೊಡಲಿಲ್ಲ. ನಾನು ಅರ್ಜಿಯನ್ನು ಮಡಚಿ, ಲಕೋಟೆಗೆ ಹಾಕಿ, ರಿಜಿಸ್ಟರ್ ಮಾಡಿಸಲು ಪೋಸ್ಟಾಫೀಸಿಗೆ ಹೋದೆ.