ಐತವಾರ ಬಾರದ ತಲೆನೋವು

ಸಾಯಬಮ್ಮನ ಎದುರಿಗೆ ಹೋಗಿ ತಲೆನೋವು ಎಂದವರು ಸುಲಭಕ್ಕೆ ಪಾರಾಗುತ್ತಿರಲಿಲ್ಲ. ಅವಳು ಮೊದಲು ಅವರನ್ನು ಮನೆ ಮುಂದಿನ ಕಟ್ಟೆಯ ಮೇಲೆ ಕೂಡಿಸಿ, ಠಾಣೆಯ ಅಮೀನಸಾಹೇಬರ ಗತ್ತಿನಲ್ಲಿ ವಿಚಾರಣೆ ಶುರು ಮಾಡುತ್ತಿದ್ದಳು. ರಾತ್ರಿ ನಿದ್ದೆ ಆಗಿತ್ತೇ? ಹೊಲಕ್ಕೆ ಹೋಗುವಾಗ ನೀರು ಕುಡಿದಿದ್ದರೇ? ಹೊತ್ತಿಗೆ ಸರಿಯಾಗಿ ಉಂಡಿದ್ದರೇ? ಬಿಸಿಲಲ್ಲಿ ಬರಿತಲೆಯಲ್ಲಿ ತಿರುಗಿದ್ದರೇ? ಇದೆಲ್ಲ ಮುಗಿದ ಮೇಲೆಯೇ ಒಣಶುಂಠಿಯ ತುಂಡು ಒಳಗಿನಿಂದ ಬರುತ್ತಿದ್ದುದು. ಅದನ್ನು ಕಲ್ಲಿನ ಮೇಲೆ ನೀರು ಹಾಕಿ ತೇದು, ಹಣೆಗೆ ಬಳಿದು, “ಇನ್ನ ಬಾಯಿ ಮುಚ್ಚಿಕೊಂಡು ನೆರಳಾಗ ಬಿದ್ಕೋ” ಎಂದು ಅಪ್ಪಣೆ ಕೊಡುವಳು. ಅರ್ಧ ನೋವು ಶುಂಠಿಗೆ ಹೆದರಿ ಹೋದರೆ, ಉಳಿದರ್ಧ ಅವಳಿಗೆ ಹೆದರಿ ಹೋಗುತ್ತಿತ್ತು.

ದ್ಯಾವಪ್ಪನ ಕಥೆಯಂತೂ ಊರೆಲ್ಲ ಹೇಳಿ ನಗುವಂಥದ್ದು. ಮಗಳ ಮದುವೆಗೆ ಹೊಸ ರುಮಾಲು ತಂದವನು, ಬಿಚ್ಚಿದರೆ ಮತ್ತೆ ಅಂಥ ಸುತ್ತು ಕೂಡಿಬರುವುದಿಲ್ಲವೆಂದು ಮಲಗುವಾಗಲೂ ಅದನ್ನು ತೆಗೆಯಲಿಲ್ಲ. ಮದುವೆ ಮುಗಿಯುವ ಹೊತ್ತಿಗೆ ತಲೆ ಸಿಡಿದುಹೋಗುವಂತಾಗಿ ಕಟ್ಟೆಗೆ ಬಂದು ಬಿದ್ದ. ಸಾಯಬಮ್ಮ ನಾಲ್ಕು ಜನರ ಎದುರಿಗೇ ರುಮಾಲು ಕಿತ್ತು ಅವನ ತೊಡೆಯ ಮೇಲೆ ಒಗೆದಳು. “ರುಮಾಲ ಕಟ್ಟಿಯೋ, ತಲಿಗಿ ಫಾಸಿ ಹಾಕಿಯೋ?” ಎಂದಳು. ಹಣಮಮ್ಮ ತಲೆಗೆ ಎರೆದುಕೊಂಡು ಒದ್ದೆ ಕೂದಲನ್ನೇ ತುರುಬು ಕಟ್ಟಿ ಮಲಗುತ್ತಿದ್ದುದನ್ನೂ ಇವಳೇ ಹಿಡಿದಿದ್ದು. ಓಣಿಯ ಕೊನೆಯ ಮನೆಯ ಖುರ್ಷೀದಬೇಗಂ ಕತ್ತಲೆ ಕೋಣೆಯಲ್ಲಿ ಕೂತು ಟೊಪ್ಪಿಗೆ ಕಸೂತಿ ಹಾಕುತ್ತಿದ್ದಳು. ಅವಳನ್ನು ಸೂಜಿದಾರ ಸಮೇತ ಎಬ್ಬಿಸಿ ಬಾಗಿಲ ಬೆಳಕಿಗೆ ಕೂಡಿಸಿದವಳೂ ಇವಳೇ.

ಇಂಥವಳ ಮನೆಯೊಳಗೇ ಒಂದು ತಲೆನೋವು ಬಂದು ಠಿಕಾಣಿ ಹೂಡಿತು. ಬಂದದ್ದು ಸೊಸೆ ಮಾಳಮ್ಮನಿಗೆ.

ಆಗ ನಿಜಾಮರ ಕಾಲ ಮುಗಿದು ಕೆಲವು ವರ್ಷಗಳಾಗಿದ್ದವು. ಶುಕ್ರವಾರದ ರಜೆ ಹೋಗಿ ಐತವಾರದ ರಜೆ ಬಂದಿತ್ತು. ಈ ಸೀಮೆಯೆಲ್ಲ ಮೈಸೂರು ರಾಜ್ಯಕ್ಕೆ ಸೇರಿದ ಮೇಲಂತೂ ಶಹಾಪುರದ ತಹಸೀಲ ಕಚೇರಿಯಲ್ಲಿ ಉರ್ದು ಕಾಗದಗಳನ್ನು ಕನ್ನಡಕ್ಕೆ ಇಳಿಸುವವರಿಗೆ ತಲೆ ಎತ್ತಲೂ ಪುರುಸೊತ್ತಿರಲಿಲ್ಲ. ಸಾಯಬಮ್ಮನ ಮಗ ದೇವಿಂದ್ರ ಎರಡೂ ಬಲ್ಲವನಾದ್ದರಿಂದ ಅಲ್ಲಿ ಗುಮಾಸ್ತನಾಗಿ ಸೇರಿಕೊಂಡ. ಕುರಿ ಕಾಯುವವರ ಮನೆಯಿಂದ ಸರ್ಕಾರಿ ನೌಕರ! ಅಪ್ಪ ಬಸವಂತ್ರಾಯ ಒಂದು ವಾರ ಕುರಿಗಳ ಹಿಂದೆಯೂ ಎದೆಯುಬ್ಬಿಸಿಕೊಂಡೇ ನಡೆದ. ದೇವಿಂದ್ರ ಬೆಳಕು ಹರಿಯುವಾಗ ಬುತ್ತಿ ಕಟ್ಟಿಸಿಕೊಂಡು ಶಹಾಪುರದ ದಾರಿ ಹಿಡಿದರೆ, ತಿರುಗಿ ಬರುವುದು ದೀಪ ಹಚ್ಚುವ ಹೊತ್ತಿಗೆ.

ಮಾಳಮ್ಮ ರಾಮಸಮುದ್ರದ ಭಗವಂತರಾಯನ ಮಗಳು. ಕೆಲಸಕ್ಕೆ ಹಿಂದೆ ಸರಿಯುವವಳಲ್ಲ, ಮಾತು ಕಡಿಮೆ, ನಗು ಜಾಸ್ತಿ. ಸಾಯಬಮ್ಮನಿಗೆ ಅವಳೆಂದರೆ ಜೀವ, ಹಾಗೆಂದು ಬಾಯಿಬಿಟ್ಟು ಹೇಳಿದವಳಲ್ಲ ಅಷ್ಟೆ. ಆದರೆ ದೇವಿಂದ್ರ ನೌಕರಿಗೆ ಹೋಗತೊಡಗಿದ ಮೇಲೆ ಈ ಹುಡುಗಿಗೆ ಮಧ್ಯಾಹ್ನ ಇಳಿಯುತ್ತಿದ್ದಂತೆ ತಲೆನೋವು ಶುರುವಾಗುತ್ತಿತ್ತು. ಮುಖ ಬಿಳಿಚಿಕೊಂಡು, ಹಣೆ ಹಿಡಿದುಕೊಂಡು ಗೋಡೆಗೆ ಒರಗುತ್ತಿದ್ದಳು. ಸಾಯಬಮ್ಮ ಶುಂಠಿ ತೇದಳು. ನೆತ್ತಿಗೂ ಅಂಗಾಲಿಗೂ ಔಡಲೆಣ್ಣೆ ತಿಕ್ಕಿದಳು. ಕೊತ್ತಂಬರಿ ಬೀಜ ನೆನೆಹಾಕಿದ ನೀರು ಕುಡಿಸಿದಳು. ತಣ್ಣೀರಿನ ಬಟ್ಟೆ ಹಾಕಿ ಕತ್ತಲೆಯಲ್ಲಿ ಮಲಗಿಸಿದಳು. ನೋವು ಯಾವುದಕ್ಕೂ ಜಪ್ಪೆನ್ನಲಿಲ್ಲ.

ವಿಚಿತ್ರವೆಂದರೆ ಐತವಾರ ಮಾತ್ರ ನೋವು ಬರುತ್ತಿರಲಿಲ್ಲ.

ಊರಿಗೆ ಇಷ್ಟು ಸಾಕಾಯಿತು. ಹೊಸ ಮದುಮಗಳು, ಐತವಾರ ಗಂಡ ಮನೆಯಲ್ಲಿರುತ್ತಾನೆ, ಉಳಿದ ದಿನ ಇರುವುದಿಲ್ಲ, ಇದಕ್ಕೆ ಯಾವ ಹಕೀಮನೂ ಬೇಕಿಲ್ಲ ಎಂದು ಖುರ್ಷೀದಬೇಗಂ ಕಣ್ಣು ಮಿಟುಕಿಸಿದಳು. ಹಣಮಮ್ಮ ಮಾತ್ರ ಗಂಭೀರವಾಗಿ ಬಂದು ಪಕ್ಕದಲ್ಲಿ ಕೂತಳು.

“ಐತವಾರ ಯಾರ ದಿನ ಹೇಳು, ಸಾಯಬಮ್ಮಾ. ಮೈಲಾಪುರದ ಮಲ್ಲಯ್ಯನ ದಿನ. ಆಕಿ ತವರಮನಿ ಅದೇ ಕಡಿದು. ಏನರ ಹರಕಿ ಹೊತ್ತು ಮರ್ತಿರಬೇಕು ಅವರು. ತನ್ನ ದಿನ ಒಂದಿನ ಬಿಡ್ತಾನ, ಉಳದ ದಿನ ಹಿಡಿತಾನ.”

ಮಾತು ಸಾಯಬಮ್ಮನ ತಲೆಯಲ್ಲಿ ನಾಟಿತು. ಕುರಿ ಕಾಯುವವರ ಮನೆಯಲ್ಲಿ ಮಲ್ಲಯ್ಯನ ಹೆಸರು ಬಂದಮೇಲೆ ಬೇರೆ ವಿಚಾರಣೆ ಇಲ್ಲ. ಸೊಸೆ ತವರಿಗೆ ಹೋಗಿ, ಹರಕೆ ಯಾವುದೆಂದು ಹುಡುಕಿ, ತೀರಿಸಿಕೊಂಡು ಬರಲಿ ಎಂದು ತೀರ್ಮಾನವಾಯಿತು. ದೇವಿಂದ್ರ ಬೇಡವೆಂದು ಗೊಣಗಿದ. ಅವನಿಗೆ ಕಾಗದ ಓದಲು ಬರುತ್ತದೆ, ದೇವರ ವಿಷಯ ಏನು ಗೊತ್ತು ಎಂದು ಅಪ್ಪ ಅವನ ಬಾಯಿ ಮುಚ್ಚಿಸಿದ. ಆದರೆ ಹಣಮಮ್ಮನ ಸೊಸೆಯನ್ನು ಹೀಗೆಯೇ ದೇವರ ಹೆಸರು ಹೇಳಿ ತವರಿಗೆ ಕಳಿಸಿದವರು ಮತ್ತೆ ಕರೆತಂದಿರಲಿಲ್ಲ, ಆ ಮನೆಗೆ ಬೇರೊಬ್ಬಳು ಬಂದಿದ್ದಳು. ಅದು ಮಾಳಮ್ಮನಿಗೆ ಗೊತ್ತಿತ್ತು. ಆವತ್ತಿನಿಂದ ಅವಳ ನಗು ನಿಂತಿತು. ಸಾಯಬಮ್ಮನಿಗೂ ಅದು ಕಂಡಿತು, ಆದರೆ ದೇವರ ಮಾತಿಗೆ ಎದುರಾಡುವುದು ಹೇಗೆ?

ಬಸವಂತ್ರಾಯ ಬೀಗರನ್ನು ಕರೆತರಲು ಯಾದಗಿರಿಯ ಬಸ್ಸು ಹತ್ತಿ ರಾಮಸಮುದ್ರಕ್ಕೆ ಹೋದ. “ನಾಳಿ ಉಣ್ಣೂ ಹೊತ್ತಿಗಿ ಬಂದಬಿಡ್ತೀನಿ” ಎಂದು ಹೇಳಿ ಹೋಗಿದ್ದ.

ಇಲ್ಲಿ ಆ ಮನೆಯ ಒಂದು ಕಟ್ಟಳೆ ಹೇಳಬೇಕು. ಗಂಡ ಕೂತು ಉಂಡೆದ್ದ ಗಂಗಾಳದಲ್ಲೇ ಹೆಂಡತಿ ಉಣ್ಣಬೇಕು. ಗಂಡ ಪರವೂರಿನಲ್ಲಿ ಉಳಿದರೆ ಮಾತ್ರ ಮಾಫಿ. ಬರುತ್ತೇನೆ ಎಂದು ಹೇಳಿ ಹೋದರೆ ಕಾಯಲೇಬೇಕು. ಸಾಯಬಮ್ಮನ ಅತ್ತೆ ಹಾಗೆ ಬಾಳಿದ್ದಳು, ಸಾಯಬಮ್ಮ ಹಾಗೆ ಬಾಳಿದಳು, ಮಾಳಮ್ಮನಿಗೂ ಬಂದ ಮೊದಲ ದಿನವೇ ಹಾಗೆಂದು ಹೇಳಿಕೊಟ್ಟಳು. ಹೊಲಕ್ಕೂ ಕುರಿಗೂ ಹೋದ ಗಂಡಸು ಮಧ್ಯಾಹ್ನ ಮನೆಗೆ ಬಂದು ಉಣ್ಣುತ್ತಿದ್ದ ಕಾಲಕ್ಕೆ ಅದರಿಂದ ಯಾರಿಗೂ ಏನೂ ಆಗಿರಲಿಲ್ಲ.

ಮರುದಿನ ಹೊತ್ತು ನೆತ್ತಿಗೇರಿತು, ಬಸವಂತ್ರಾಯ ಬರಲಿಲ್ಲ. ಬಸ್ಸು ಎಲ್ಲೋ ಕೆಟ್ಟು ನಿಂತಿರಬೇಕು. ಸಾಯಬಮ್ಮ ರೊಟ್ಟಿಯ ಬುಟ್ಟಿಗೆ ಬಟ್ಟೆ ಮುಚ್ಚಿ ಬಾಗಿಲಲ್ಲಿ ಕೂತಳು. ಬಿಸಿಲು ಕಟ್ಟೆಯಿಂದ ಇಳಿಯಿತು. ಅವಳ ಹಣೆಯ ಎರಡೂ ಬದಿ ಮೆಲ್ಲಗೆ ಮಿಡಿಯತೊಡಗಿತು. ಸ್ವಲ್ಪ ಹೊತ್ತಿಗೆ ಕಣ್ಣು ಕತ್ತಲೆ ಬಂತು. ಬಾಗಿಲಲ್ಲಿ ಕೋಳಿ ಕೂಗಿದರೆ ಅದರ ಕುತ್ತಿಗೆ ಹಿಚುಕಬೇಕೆನ್ನಿಸುವಷ್ಟು ಸಿಟ್ಟು. ಅವಳು ಅವಸರದಿಂದ ಶುಂಠಿ ತೇದು ತನ್ನ ಹಣೆಗೆ ತಾನೇ ಬಳಿದುಕೊಂಡಳು. ಹಣೆ ಉರಿಯಿತೇ ಹೊರತು ನೋವು ಒಂದಿಷ್ಟೂ ಕದಲಲಿಲ್ಲ.

ಮಾಳಮ್ಮ ತವರಿಗೆ ಒಯ್ಯುವ ಬಟ್ಟೆಗಂಟು ಕಟ್ಟುತ್ತಿದ್ದವಳು ತನ್ನ ತಲೆನೋವಿನಲ್ಲೇ ಅದನ್ನು ಬಿಟ್ಟು ಬಂದು ಅತ್ತೆಯ ತಲೆಯನ್ನು ತೊಡೆಯ ಮೇಲೆ ಇಟ್ಟುಕೊಂಡು ಒತ್ತತೊಡಗಿದಳು.

“ಅತ್ತಿ, ಇದು ಶುಂಠಿಗಿ ಹೋಗಂಗಿಲ್ರಿ.”

“ಮತ್ತ್ಯಾತಕ್ಕ ಹೋಗ್ತದ?”

“ಒಂದು ರೊಟ್ಟಿ ತಿಂದ್ರ ಹೋಗ್ತದ್ರಿ.”

ಸಾಯಬಮ್ಮ ಕಣ್ಣು ಬಿಟ್ಟಳು. “ನಿನಗ್ಹ್ಯಾಂಗ ಗೊತ್ತು?”

“ನನಗ ದಿನಾ ಹಿಂಗೇ ಆಗ್ತದಲ್ರಿ. ಸಂಜಿಗಿ ಅವರು ಬಂದು ಉಂಡ ಮ್ಯಾಲ ನಾನೂ ಉಣ್ತೀನಿ. ಉಂಡು ಸ್ವಲ್ಪ ಹೊತ್ತಿಗಿ ಹಗರಾಗ್ತದ. ಐತವಾರ ಅವರು ಮಧ್ಯಾಹ್ನ ಮನ್ಯಾಗೇ ಉಣ್ತಾರ, ಹಂಗಾಗಿ ಬರಂಗಿಲ್ಲ.”

ಸಾಯಬಮ್ಮ ಎದ್ದು ಕೂತಳು. ತಲೆನೋವು ಇದ್ದದ್ದೇ ಮರೆತುಹೋಯಿತು. ಬೆಳಿಗ್ಗೆ ದೇವಿಂದ್ರ ಕೂತು ಉಣ್ಣುವುದಿಲ್ಲ, ಬುತ್ತಿ ಹಿಡಿದು ಓಡುತ್ತಾನೆ. ಹಾಗಾದರೆ ರಾತ್ರಿ ಉಂಡ ಈ ಹುಡುಗಿ ಮರುದಿನ ದೀಪ ಹಚ್ಚುವವರೆಗೆ ಬರಿ ನೀರಿನ ಮೇಲೆ ಇರುತ್ತಾಳೆ. ಅದೇ ಹೊಟ್ಟೆಯಲ್ಲಿ ಎಲ್ಲರಿಗೂ ರೊಟ್ಟಿ ಬಡಿಯುತ್ತಾಳೆ, ಕುರಿದೊಡ್ಡಿ ಗುಡಿಸುತ್ತಾಳೆ, ನೀರು ಹೊರುತ್ತಾಳೆ. ಇದೇನು ಮುಚ್ಚಿಟ್ಟ ಸಂಗತಿಯೇ? ಇವಳ ಕಣ್ಣೆದುರಿಗೇ ನಡೆದದ್ದು. ಊರಿನವರನ್ನೆಲ್ಲ ಕಟ್ಟೆಗೆ ಕೂಡಿಸಿ, ಹೊತ್ತಿಗೆ ಉಂಡೆಯಾ ಎಂದು ದಬಾಯಿಸುತ್ತಿದ್ದವಳು ತನ್ನ ಅಡುಗೆಮನೆಯಲ್ಲಿ ಆ ಒಂದು ಮಾತು ಕೇಳಿರಲಿಲ್ಲ.

“ಹುಚ್ಚಿ, ಇಷ್ಟು ದಿನ ಬಾಯಾಗ ಏನ್ ಇಟ್ಕೊಂಡಿದ್ದಿ? ಹೇಳಬಾರದಿತ್ತೇನು?”

ಮಾಳಮ್ಮ ತಲೆ ತಗ್ಗಿಸಿದಳು. “ಹಸಿವು ಅಂತ ಹ್ಯಾಂಗ ಹೇಳ್ಲಿರಿ? ಅತ್ತಿ ಮನ್ಯಾಗ ಕೂಳು ಹಾಕಂಗಿಲ್ಲ ಅಂದಂಗ ಆಗ್ತಿತ್ತು. ಕದ್ದು ತಿನ್ನೂದು ನಮ್ಮವ್ವ ಕಲಿಸಿಲ್ಲ.”

ಸಾಯಬಮ್ಮನಿಗೆ ನಾಚಿಕೆಯಾಯಿತು. ನೆಲ ನೋಡುವಂಥ ನಾಚಿಕೆ. ಅದರ ಹಿಂದೆಯೇ, ಈ ಹುಡುಗಿಯನ್ನು ಕಳಿಸಿಯೇಬಿಡುತ್ತಿದ್ದೆನಲ್ಲ ಎಂಬ ದಿಗಿಲು. ಅವಳು ಅಳುವ ಪೈಕಿಯಲ್ಲ, ಆದ್ದರಿಂದ ಸಿಟ್ಟಾದಳು. ದಡದಡ ಒಳಗೆ ಹೋಗಿ ಎರಡು ಗಂಗಾಳ ತಂದು ನೆಲಕ್ಕೆ ಕುಕ್ಕಿದಳು. ಪುಂಡಿಪಲ್ಯ, ಶೇಂಗಾ ಹಿಂಡಿ, ಮಜ್ಜಿಗೆ ಎಲ್ಲ ಬಂದವು.

“ಕೂಡು.”

“ಮಾವಾರು ಇನ್ನಾ ಬಂದಿಲ್ರಿ…”

“ನಿಮ್ಮ ಮಾವ ಬಸ್ಸಿನ್ಯಾಗ ಕುಂತು ಪುಠಾಣಿ ತಿನ್ನಾಕತ್ತಿರ್ತಾರ. ಕೂಡು ಅಂದ್ರ ಕೂಡು. ಮೊದ್ಲ ನೀರು ಕುಡಿ. ಸಾವಕಾಶ ಉಣ್ಣು.”

ಅತ್ತೆ ಸೊಸೆ ಎದುರುಬದುರು ಕೂತು ಉಣ್ಣತೊಡಗಿದರು. ಆ ಮನೆಯಲ್ಲಿ ಹಾಗೆ ಹಿಂದೆಂದೂ ನಡೆದಿರಲಿಲ್ಲ. ಮಾಳಮ್ಮ ಮೊದಲೆರಡು ತುತ್ತು ಬಾಗಿಲು ನೋಡುತ್ತ ತಿಂದಳು, ಆಮೇಲೆ ಬಾಗಿಲು ನೋಡುವುದನ್ನು ಬಿಟ್ಟಳು.

ಅಷ್ಟರಲ್ಲಿ ಗಂಡಸರಿಬ್ಬರೂ ಧೂಳು ಮೆತ್ತಿಕೊಂಡು ಬಂದೇಬಿಟ್ಟರು. ಬಸವಂತ್ರಾಯ ಹೊಸ್ತಿಲಲ್ಲೇ ಕಲ್ಲಾಗಿ ನಿಂತ. ಹಿಂದೆ ಬಂದ ಭಗವಂತರಾಯ ದಾರಿಯುದ್ದಕ್ಕೂ ಒಂದೇ ಚಿಂತೆ ಮಾಡಿಕೊಂಡು ಬಂದವನು, ಒಳಗಿನದು ಏನೂ ಕಾಣದೆ ಕೈಮುಗಿದ.

“ಅಕ್ಕಾರ, ನಮ್ಮ ಕಡಿಂದ ಯಾವ ಹರಕಿ ತಪ್ಪ್ಯದೋ ನೆನಪಾಗವಲ್ದು. ಮಗಳಿಗಿ ಕರ್ಕೊಂಡು ಹೋಗ್ತೀನಿ. ತಪ್ಪಾಗಿದ್ರ ಹೊಟ್ಟ್ಯಾಗ ಹಾಕ್ಕೋರಿ.”

ಅಪ್ಪನ ದನಿ ಕೇಳಿ ಮಾಳಮ್ಮ ಗಡಬಡಿಸಿ ಏಳಹೋದಳು. ಸಾಯಬಮ್ಮ ಎಡಗೈಯಿಂದ ಅವಳ ಮೊಣಕೈ ಹಿಡಿದು ಜಗ್ಗಿ ಕೂಡಿಸಿದಳು.

“ಹರಕಿ ಇಲ್ಲ, ಗಾಳಿ ಇಲ್ಲ, ಏನೂ ಇಲ್ರಿ ಬೀಗರ. ನಿಮ್ಮ ಮಗಳಿಗಿ ಹಸಿವಾಗಿತ್ತು. ನನಗ ತಿಳಿಲಿಲ್ಲ. ತಪ್ಪು ನಂದದ, ಆಕಿ ಎಲ್ಲೂ ಹೋಗಂಗಿಲ್ಲ.”

ಬಸವಂತ್ರಾಯ ಒಂದು ಸಲ ಗಂಗಾಳ, ಒಂದು ಸಲ ಹೆಂಡತಿಯ ಹಣೆಯ ಮೇಲೆ ಒಣಗಿದ ಶುಂಠಿ ನೋಡಿದ. ಏನು ತಿಳಿಯಿತೋ ಎಷ್ಟು ತಿಳಿಯಿತೋ, ಕಡೆಗೆ ತನಗೆ ಖಚಿತವಾಗಿ ಗೊತ್ತಿದ್ದ ಒಂದೇ ಮಾತು ಆಡಿದ.

“ನಮಗೂ ಹಸಿವಾಗ್ಯದ. ಬೀಗರೂ ಉಂಡಿಲ್ಲ. ಗಂಗಾಳ ಹಚ್ಚು.”

“ಹಚ್ತೀನಿ. ಕೈಕಾಲು ತೊಳ್ಕೊಂಡು ಕಟ್ಟಿ ಮ್ಯಾಲ ಕೂಡ್ರಿ. ಮೊದ್ಲ ಆಕಿ ಉಂಡು ಏಳ್ಲಿ.”

ಇಬ್ಬರೂ ಹೊರಗೆ ಹೋಗಿ ಕೂತರು. ಬಸವಂತ್ರಾಯ ತಂಬಾಕಿನ ಚೀಲ ಬಿಚ್ಚಿ ಬೀಗನ ಮುಂದೆ ಹಿಡಿದ. ಭಗವಂತರಾಯ ಬೇಡವೆಂದು ತಲೆಯಾಡಿಸಿ ಒಳಗೆ ಕಿವಿಗೊಟ್ಟಿದ್ದ. ಒಳಗೆ ಅವನ ಮಗಳು ಇನ್ನೊಂದು ಖಡಕ್ ರೊಟ್ಟಿ ಮುರಿದ ಸಪ್ಪಳ ಕೇಳಿತು.