ರಜಾದ ಮಧುಮತಿ

ನಾಲ್ಕೂವರೆ ವರ್ಷದ ಮೇಲೆ ತೇರಗಾಂವದಲ್ಲಿ ಹಳಿಯಾಳದ ಬಸ್ಸು ಹತ್ತಿದ ದಿನ ಮಧುಮತಿಯ ತಲೆಯಲ್ಲಿ ಇದ್ದದ್ದು ಒಂದೇ ವಿಚಾರ. ಆಫೀಸಿನ ಮೌನೇಶನಿಗೆ ಮಣ್ಣು ಮುಕ್ಕಿಸಬೇಕು. ಇಸ್ತ್ರಿ ಮಾಡಿದ ಸೀರೆ, ಹೊಸ ಚಪ್ಪಲಿ, ಬುತ್ತಿಯಲ್ಲಿ ಎರಡು ರೊಟ್ಟಿ, ಬದನೆಕಾಯಿ ಪಲ್ಯ. ನೋಡಿದವರು ಕೆಲಸಕ್ಕೆ ಹೊರಟಿದ್ದಾಳೆ ಅಂದುಕೊಂಡರು. ಕೆಲಸಕ್ಕೂ ಹೊರಟಿದ್ದಳು, ಇಲ್ಲ ಅನ್ನುವುದಿಲ್ಲ. ಆದರೆ ಬರೀ ಕೆಲಸಕ್ಕೆ ಹೋಗುವವರ ಕಣ್ಣು ಅಷ್ಟು ಕೆಂಪಗೆ ಇರುವುದಿಲ್ಲ.

ಹಳಿಯಾಳದ ಕಡೆಯ ಒಂದು ಸಕ್ಕರೆ ಕಾರ್ಖಾನೆಯ ಕಬ್ಬಿನ ಆಫೀಸಿನಲ್ಲಿ ಅವಳದು ಫೋನಿನ ಮೇಜು. ಯಾರ ಹೊಲದ ಕಬ್ಬು ಯಾವತ್ತು ಕಟಾವು ಆಗಬೇಕು, ಕಡಿಯುವವರ ಯಾವ ಗ್ಯಾಂಗು ಯಾರ ಹೊಲಕ್ಕೆ ಹೋಗಬೇಕು, ಈ ಪಾಳಿಯ ಪಟ್ಟಿ ಇಪ್ಪತ್ತೆರಡು ವರ್ಷದಿಂದ ಅವಳ ಕೈಯಲ್ಲೇ ತಯಾರಾಗುತ್ತ ಬಂದಿತ್ತು. ಪಟ್ಟಿ ಮಾಡುವುದು ಹೇಳಿದಷ್ಟು ಸುಲಭವಲ್ಲ. ಉಳವಿ ಚನ್ನಬಸವಣ್ಣನಿಗೆ ನಡೆದುಕೊಳ್ಳುವ ಸೀಮೆ ಇದು. ಓಣಿಗೊಬ್ಬ ಉಳವಪ್ಪ ಇದ್ದೇ ಇರುತ್ತಾನೆ. ಅವಳ ಪಟ್ಟಿಯಲ್ಲಿ ನಲವತ್ತೊಂದು ಜನ ಉಳವಪ್ಪಂದಿರು. ಅವರಲ್ಲಿ ಅಪ್ಪನ ಹೆಸರು ಬಸಪ್ಪ ಎಂದಿರುವವರೇ ಹದಿಮೂರು. ಕಾರ್ಖಾನೆ ಒಬ್ಬೊಬ್ಬರಿಗೂ ಒಂದೊಂದು ನಂಬರು ಕೊಟ್ಟಿತ್ತು, ಆದರೆ ಆ ನಂಬರನ್ನು ನೆನಪಿಟ್ಟುಕೊಂಡ ಪುಣ್ಯಾತ್ಮ ಇವತ್ತಿನವರೆಗೆ ಒಬ್ಬನೂ ಹುಟ್ಟಿಲ್ಲ.

"ಅಕ್ಕಾರ, ನಾನ್ರಿ, ಉಳವಪ್ಪ."

"ಯಾವ ಉಳವಪ್ಪರಿ?"

"ಅದಽರಿ, ನಾನು!"

ಇಂಥವರ ಜೊತೆ ಹೆಣಗಿ ಹೆಣಗಿ ಮಧುಮತಿ ತನ್ನದೇ ಒಂದು ದಾರಿ ಕಂಡುಕೊಂಡಿದ್ದಳು. ಪಟ್ಟಿಯ ಕೊನೆಯ ಕಾಲಮ್ಮಿನಲ್ಲಿ ಎಲ್ಲರಿಗೂ ಒಂದೊಂದು ಅಡ್ಡಹೆಸರು. ಹುಣಸಿಗಿಡದ ಉಳವಪ್ಪ, ಬೋರಿನ ಉಳವಪ್ಪ, ಸಿಟ್ಟಿನ ಉಳವಪ್ಪ, ಎರಡು ಹೆಂಡಿರ ಉಳವಪ್ಪ. ಗ್ಯಾಂಗು ನಡೆಸುವ ಮುಕಾದಮ ಊರಿಗೆ ಹೋಗಿ 'ಹುಣಸಿಗಿಡದ ಉಳವಪ್ಪನ ಹೊಲ ಯಾವುದು' ಅಂದರೆ ಸಾಕು, ದನ ಕಾಯುವವರೂ ಬೆರಳು ಮಾಡಿ ತೋರಿಸುತ್ತಿದ್ದರು. ಈ ಕಡೆ ಅಡ್ಡಹೆಸರು ಒಮ್ಮೆ ಅಂಟಿದರೆ ಹೋಗುವುದಿಲ್ಲ. ಮಗನಿಗೆ ಬಂದು, ಮೊಮ್ಮಗನ ಹೊತ್ತಿಗೆ ಮನೆತನದ ಹೆಸರಾಗಿ ರೇಷನ್ ಕಾರ್ಡಿಗೂ ಏರುತ್ತದೆ. ಮಧುಮತಿಗೆ ಇದು ಚೆನ್ನಾಗಿ ಗೊತ್ತಿತ್ತು. ಅದಕ್ಕೇ ಅವಳು ಯಾರಿಗೂ ನೋವಾಗುವ ಹೆಸರು ಇಟ್ಟವಳಲ್ಲ. ಎರಡು ಹೆಂಡಿರ ಉಳವಪ್ಪನಂತೂ ತನ್ನ ಹೆಸರನ್ನು ತಾನೇ ಹೆಮ್ಮೆಯಿಂದ ಹೇಳಿಕೊಳ್ಳುತ್ತಿದ್ದ.

ಕೊರೋನಾ ಬಂದಾಗ ಆಫೀಸಿನವರು ಫೋನನ್ನು ಅವಳ ಮನೆಗೇ ಕಳಿಸಿದರು. ರೋಗ ಹೋಯಿತು, ಅಷ್ಟರಲ್ಲಿ ಅತ್ತೆ ಸುಶೀಲವ್ವನಿಗೆ ಲಕ್ವಾ ಹೊಡೆಯಿತು. ಗಂಡ ಮಲಕಪ್ಪನಿಗೆ ದಾಂಡೇಲಿಯಲ್ಲಿ ಕೆಲಸ. ಅವನ ಮುಖ ಕಾಣುವುದು ರವಿವಾರಕ್ಕೊಮ್ಮೆ. ದೊಡ್ಡ ಸಾಹೇಬ ಜ್ಯೋತಿಬಾ ಅವರು 'ಮನಿಯಿಂದನಽ ಮಾಡ್ರಿ, ಕೆಲಸ ನಿಲ್ಲಬಾರದಷ್ಟ' ಅಂದರು. ಕೆಲಸ ಒಂದು ದಿನವೂ ನಿಲ್ಲಲಿಲ್ಲ. ಮನೆಯೊಳಗೆ ನೆಟ್‌ವರ್ಕ್ ಸಿಗದು ಎಂದು ಮಾಳಿಗೆಯ ಮೆಟ್ಟಿಲ ಮೇಲೆ ಕೂತು, ಒಂದು ಕೈಯಲ್ಲಿ ಅತ್ತೆಯ ಗಂಜಿ, ಇನ್ನೊಂದು ಕೈಯಲ್ಲಿ ಫೋನು ಹಿಡಿದು ಕಬ್ಬು ಅರೆಯುವ ನಾಲ್ಕು ಹಂಗಾಮು ದಾಟಿಸಿದಳು. ಮುನ್ನೂರು ರೈತರನ್ನು ಬರೀ ದನಿಯಿಂದ ಗುರುತು ಹಿಡಿಯುತ್ತಿದ್ದಳು. ಪಟ್ಟಿಯನ್ನು ಪ್ರತಿ ಶನಿವಾರ ವಾಟ್ಸಾಪಿನಲ್ಲಿ ಮೌನೇಶನಿಗೆ ಕಳಿಸುವಳು. ಅವನು ಅದನ್ನು ಕಂಪ್ಯೂಟರಿಗೆ ಹಾಕಬೇಕು, ಅಷ್ಟೇ.

ಈ ಮೌನೇಶ ಎಂಟು ವರ್ಷದ ಹಿಂದೆ ಕೆಲಸಕ್ಕೆ ಬಂದಾಗ ಅವನಿಗೆ ಕುಳೆ ಕಬ್ಬಿಗೂ ನಾಟಿ ಕಬ್ಬಿಗೂ ವ್ಯತ್ಯಾಸ ಗೊತ್ತಿರಲಿಲ್ಲ. 'ಅಕ್ಕಾರ, ಅಕ್ಕಾರ' ಅನ್ನುತ್ತ ಅವಳ ಮೇಜಿನ ಪಕ್ಕ ಸ್ಟೂಲು ಹಾಕಿಕೊಂಡು ಕಲಿತವನು. ಅವನ ಹೆಂಡತಿ ಜ್ಯೋತಿಯೂ ಗಂಡ ಮನೆಗೆ ಬರುವುದು ತಡವಾದರೆ ಮಧುಮತಿಗೇ ಫೋನು ಮಾಡುವಳು. ಮದುವೆಯಾಗಿ ಏಳು ವರ್ಷವಾದರೂ ಮಕ್ಕಳಾಗಿರಲಿಲ್ಲ. ಹುಬ್ಬಳ್ಳಿಯ ಡಾಕ್ಟರು ಏನಂದರು, ದೋಷ ಯಾರಲ್ಲಿದೆ ಅಂದರು, ಎಲ್ಲವನ್ನೂ ಜ್ಯೋತಿ ಒಂದು ದಿನ ಫೋನಿನಲ್ಲೇ ಅತ್ತುಕೊಂಡು ಹೇಳಿದ್ದಳು. 'ನಿಮ್ಮ ಮುಂದಷ್ಟ ಹೇಳಿದೆ ಅಕ್ಕಾರ' ಅಂದಿದ್ದಳು.

ಹಿಂದಿನ ಹಂಗಾಮು ಮುಗಿದಾಗ ಕಾರ್ಖಾನೆಯಲ್ಲಿ ಸಣ್ಣ ಸಮಾರಂಭ ನಡೆಯಿತು. ಒಂದೂ ಪಾಳಿ ತಪ್ಪದ ಪಟ್ಟಿ ಎಂದು ಮೌನೇಶನಿಗೆ ಶಾಲು ಹೊದಿಸಿದರು, ಅವನನ್ನೇ ಸೆಕ್ಷನ್ನಿನ ಮುಖ್ಯಸ್ಥನನ್ನಾಗಿ ಮಾಡಿದರು. ಅವನು ಮೈಕು ಹಿಡಿದು, ಅಡ್ಡಹೆಸರಿನ ಐಡಿಯಾ ತನ್ನದೇ ಅಂದ. ಮಧುಮತಿ ಅದನ್ನು ಮೆಟ್ಟಿಲ ಮೇಲೆ ಕೂತು ಫೋನಿನಲ್ಲಿ ನೋಡುತ್ತಿದ್ದಳು. ಸಭೆಯಲ್ಲಿ ಯಾರೋ, ಮಧುಮತಿ ಬಂದಿಲ್ಲವೇ ಎಂದು ಕೇಳಿದರು. ಮೌನೇಶ ನಕ್ಕು, "ಯಾರು, ರಜಾದ ಮಧುಮತಿ ಏನ್ರಿ? ನಾವು ಇಲ್ಲಿ ಬೆವರು ಸುರಸೂಣು, ಅವರು ಮನ್ಯಾಗ ಕುಂತು ಧಾರಾವಾಹಿ ನೋಡ್ಲಿ" ಅಂದ. ಎಲ್ಲರೂ ನಕ್ಕರು. ಜ್ಯೋತಿಬಾ ಸಾಹೇಬರೂ ನಕ್ಕರು. ಆಗಷ್ಟೇ ಅತ್ತೆಯ ಹಾಸಿಗೆ ಬದಲಿಸಿ ಕೈ ತೊಳೆದು ಬಂದಿದ್ದ ಮಧುಮತಿಗೆ ಮೈಯೆಲ್ಲ ಉರಿಯಿತು.

ಶ್ರಾವಣದಲ್ಲಿ ಸುಶೀಲವ್ವ ತೀರಿಕೊಂಡಳು. ಸೆಪ್ಟೆಂಬರಿನಲ್ಲಿ ಎಲ್ಲರೂ ಆಫೀಸಿಗೆ ಬಂದೇ ಕೆಲಸ ಮಾಡಬೇಕೆಂದು ಆರ್ಡರು ಬಂತು.

ಹೋಗಿ ನೋಡಿದರೆ ಅವಳ ಮೇಜಿನಲ್ಲಿ ಮೌನೇಶ. ಅವಳಿಗೆ ಹಳೆಯ ಫೈಲುಗಳ ಕಪಾಟಿನ ಹಿಂದೆ, ಕುಡಿಯುವ ನೀರಿನ ಕ್ಯಾನುಗಳ ಪಕ್ಕ ಒಂದು ಮುರುಕು ಮೇಜು. ಹೆಬ್ಬೆರಳು ಒತ್ತಿದರೆ ಹಾಜರಿ ಮಶೀನು ಕೂಡ ಇವಳ್ಯಾರೋ ಗೊತ್ತಿಲ್ಲ ಅಂದಿತು. "ಬರ್ರಿ ಬರ್ರಿ, ರಜಾ ಮುಗೀತೇನ್ರಿ?" ಎಂದು ಕ್ಯಾಂಟೀನಿನವರೂ ಹಲ್ಲು ಕಿರಿದರು. ಮೂರನೇ ದಿನ ಸಿಟ್ಟಿನ ಉಳವಪ್ಪ ಫೋನು ಮಾಡಿ, "ಏನ್ರಿ, ರಜಾದ ಮಧುಮತಿ ಅಕ್ಕಾರ ಏನ್ರಿ?" ಎಂದು ಕೇಳಿದ. ಪಾಪ, ಅವನ ಮನಸ್ಸಿನಲ್ಲಿ ಏನೂ ಇರಲಿಲ್ಲ. ಅಡ್ಡಹೆಸರು ಅಂಟಿಬಿಟ್ಟಿತ್ತು, ಅಷ್ಟೇ. ಇಪ್ಪತ್ತೆರಡು ವರ್ಷ ದುಡಿದವಳು ಸಾಯುವತನಕ ಈ ಹೆಸರು ಹೊತ್ತು ತಿರುಗಬೇಕು ಅನ್ನುವುದು ಆಗ ಅವಳಿಗೆ ಖಾತ್ರಿಯಾಯಿತು.

ಅವಕಾಶವನ್ನು ಮೌನೇಶನೇ ತಟ್ಟೆಯಲ್ಲಿ ಇಟ್ಟು ಕೊಟ್ಟ. ಹಂಗಾಮಿನ ಮೊದಲು ಹೊಸ ಪಟ್ಟಿ ಮೇಲಿನವರಿಗೆ ಹೋಗಬೇಕಿತ್ತು. ಅವನು ಅವಳನ್ನು ಕರೆದು, "ಈ ಅಡ್ಡಹೆಸರು ಎಲ್ಲಾ ತಗದು ಹಾಕ್ರಿ. ಸಿಟ್ಟಿನ ಉಳವಪ್ಪ ಅಂತ, ಎರಡು ಹೆಂಡಿರ ಉಳವಪ್ಪ ಅಂತ, ಏನಿದು? ಇದು ಆಫೀಸ ಐತಿ, ಚಹಾದಂಗಡಿ ಅಲ್ಲ" ಅಂದ.

ಶಾಲು ಹೊದಿಸಿಕೊಂಡದ್ದು ಈ ಹೆಸರುಗಳ ಪುಣ್ಯದಿಂದಲೇ ಎನ್ನುವುದು ಮಹಾರಾಯನಿಗೆ ಮರೆತೇಹೋಗಿತ್ತು. ಹೆಸರು ತೆಗೆದರೆ ಏನಾಗುತ್ತದೆ ಎಂದು ಮಧುಮತಿಗೆ ಅಂಗೈ ನೆಲ್ಲಿಯಷ್ಟು ಸ್ಪಷ್ಟವಾಗಿ ಗೊತ್ತಿತ್ತು. ಒಂದು ಮಾತು ಹೇಳಬಹುದಿತ್ತು. ಹೇಳಲಿಲ್ಲ.

"ಆಗ್ಲಿರಿ ಸರ್. ನೀವು ಹೇಳಿದ್ದನ್ನ ಬರದು ತರ್ತೇನಿ, ಒಂದು ಸಹಿ ಮಾಡ್ರಿ" ಅಂದಳು. 'ಸರ್' ಎಂದು ಕರೆಸಿಕೊಂಡ ಖುಷಿಯಲ್ಲಿ ಅವನು ಹಸಿರು ಪೆನ್ನಿನಿಂದ ಉದ್ದಕ್ಕೆ ಸಹಿ ಹಾಕಿದ. ಆ ಕಾಗದವನ್ನು ಅವಳು ಪ್ಲಾಸ್ಟಿಕ್ ಕವರಿನಲ್ಲಿ ಹಾಕಿ ತನ್ನ ಡ್ರಾವರಿನಲ್ಲಿ ಇಟ್ಟುಕೊಂಡಳು.

ಕಾದಳು. ಹಂಗಾಮು ಶುರುವಾಗಿ ಹದಿನೈದು ದಿನ ಏನೂ ಆಗಲಿಲ್ಲ. ಹದಿನಾರನೆಯ ದಿನ ಬೆಳಿಗ್ಗೆ ಬಸ್ಸು ತೇರಗಾಂವ ದಾಟುವಾಗ ಕಿಟಕಿಯಿಂದ ನೋಡುತ್ತಾಳೆ, ಹುಣಸಿಗಿಡದ ಉಳವಪ್ಪನ ಹೊಲದಲ್ಲಿ ಗ್ಯಾಂಗು ಇಳಿದಿದೆ. ಎರಡು ಟ್ರ್ಯಾಕ್ಟರು ನಿಂತಿವೆ, ಇಪ್ಪತ್ತು ಕುಡುಗೋಲು ಆಡುತ್ತಿವೆ. ಅವತ್ತು ಪಾಳಿ ಇದ್ದದ್ದು ಬೋರಿನ ಉಳವಪ್ಪನದು. ಇಬ್ಬರದೂ ಅದೇ ಊರು, ಇಬ್ಬರ ಅಪ್ಪನ ಹೆಸರೂ ಬಸಪ್ಪ. ಹುಣಸಿಗಿಡದ ಉಳವಪ್ಪನದು ತುಂಡು ಮಾಡಿ ಮತ್ತೆ ನೆಡುವ ಬೀಜಕ್ಕೆಂದು ಮಕ್ಕಳ ಹಾಗೆ ಬೆಳೆಸಿದ ಕಬ್ಬು. ಆ ವರ್ಷ ಸುತ್ತಲಿನ ನಾಲ್ಕು ಊರಿನವರು ನಾಟಿಗೆ ಅವನ ಬೀಜವನ್ನೇ ನೆಚ್ಚಿಕೊಂಡಿದ್ದರು. ಅವನು ಮೊಮ್ಮಗನನ್ನು ತೊಟ್ಟಿಲಿಗೆ ಹಾಕುವ ಕಾರ್ಯಕ್ಕೆಂದು ಮನೆಮಂದಿಯನ್ನೆಲ್ಲ ಕರೆದುಕೊಂಡು ಮುಂಡಗೋಡಕ್ಕೆ ಹೋಗಿದ್ದ.

ಮಧುಮತಿಯ ಕೈಯಲ್ಲಿ ಫೋನು ಇತ್ತು. ಮುಕಾದಮನ ನಂಬರು ಇತ್ತು, ಉಳವಪ್ಪನ ನಂಬರೂ ಇತ್ತು. ಇನ್ನೂ ನಾಲ್ಕು ಸಾಲು ಮಾತ್ರ ಕಡಿದಿದ್ದರು. ಒಂದು ಫೋನು ಮಾಡಿದ್ದರೆ ಉಳಿದದ್ದು ಉಳಿಯುತ್ತಿತ್ತು. ಉಳವಪ್ಪ ಅವಳ ಅತ್ತೆ ಹಾಸಿಗೆ ಹಿಡಿದಾಗ ಎರಡು ಸಲ ಹುಣಸೆಹಣ್ಣು ತಂದು ಕೊಟ್ಟು ಹೋದವನು, ಅವನ ಮೇಲೆ ಅವಳಿಗೆ ಯಾವ ಸಿಟ್ಟೂ ಇರಲಿಲ್ಲ. ಆದರೆ ಮೌನೇಶನ ಮೇಲಿನ ಸಿಟ್ಟು ಎಲ್ಲಕ್ಕಿಂತ ದೊಡ್ಡದಾಗಿತ್ತು. ಫೋನನ್ನು ಚೀಲಕ್ಕೆ ಹಾಕಿ ಕಂಡಕ್ಟರಿಗೆ ಪಾಸು ತೋರಿಸಿದಳು.

ಮರುದಿನ ಮಧ್ಯಾಹ್ನ ಹುಣಸಿಗಿಡದ ಉಳವಪ್ಪ ಆಫೀಸಿಗೆ ಬಂದ. ಹಿಂದೆ ಮೂವತ್ತು ಜನ. ಅವನ ಬೀಜ ಅಷ್ಟೊತ್ತಿಗೆ ಗಾಣಕ್ಕೆ ಹೋಗಿ ರಸವಾಗಿತ್ತು.

"ಬೀಜಾ ಕಡದ್ರಲ್ಲೋ! ನಾಳೆ ಏನು ನೆಡಬೇಕಪಾ ನಾವು, ನಿನ್ನ ತಲೀ?" ಎಂದು ಉಳವಪ್ಪ ಮೇಜು ಗುದ್ದಿದ. ಮೌನೇಶ ಬೆವರುತ್ತ, ಪಟ್ಟಿ ಮಾಡಿದವಳು ಮಧುಮತಿ, ಅವಳನ್ನು ಕೇಳಿ ಅಂದ. ಜ್ಯೋತಿಬಾ ಸಾಹೇಬರು ಕಪಾಟಿನ ಹಿಂದಕ್ಕೆ ಬಂದರು. ಮಧುಮತಿ ಡ್ರಾವರು ಎಳೆದು ಸಹಿಯ ಕಾಗದ ಕೊಟ್ಟಳು. ಸಾಹೇಬರು ಅದನ್ನು ಎರಡು ಸಲ ಓದಿ, "ಹೆಸರು ಇಟ್ಟವ ನೀನಽ ಅಂದಿದ್ದಿ. ಇಟ್ಟವಗ ಅದು ಯಾಕ ಬೇಕಂತ ಗೊತ್ತಿರಲಿಲ್ಲೇನು?" ಎಂದು ಮೌನೇಶನನ್ನು ಎಲ್ಲರ ಎದುರಿಗೆ ಕೇಳಿದರು.

ಉಳವಪ್ಪನಿಗೆ ಕಾರ್ಖಾನೆಯ ತೋಟದಿಂದ ಬೇರೆ ಬೀಜ ಕೊಟ್ಟು ಸಮಾಧಾನ ಮಾಡಿದರು. ಮೌನೇಶನನ್ನು ಗೇಟಿನ ಹತ್ತಿರದ ತೂಕದ ಕಾಟಾಕ್ಕೆ ಹಾಕಿದರು; ದಿನವಿಡೀ ಧೂಳಿನಲ್ಲಿ ಕೂತು ಟ್ರ್ಯಾಕ್ಟರು ಎಣಿಸುವ ಕೆಲಸ. ಮಧುಮತಿಗೆ ಅವಳ ಮೇಜು ಸಿಕ್ಕಿತು, ಪಟ್ಟಿಗೆ ಅಡ್ಡಹೆಸರುಗಳು ಮರಳಿ ಬಂದವು. ಇಷ್ಟಕ್ಕೆ ಬಿಟ್ಟಿದ್ದರೆ ಯಾರೂ ಅವಳನ್ನು ಏನೂ ಅನ್ನುವಂತಿರಲಿಲ್ಲ.

ಆದರೆ ಕಾಟಾಕ್ಕೆ ಹೋದವನು ಮುಂದಿನ ವರ್ಷ ತಿರುಗಿ ಬರಬಹುದು. ತನಗೆ ಅಂಟಿದ ಹೆಸರು ಮಾತ್ರ ಹೋಗುವುದಿಲ್ಲ. ಅವಳ ಹೊಟ್ಟೆಯ ಉರಿ ಇನ್ನೂ ಆರಿರಲಿಲ್ಲ.

ಅವತ್ತು ಸಂಜೆ ಬೋರಿನ ಉಳವಪ್ಪ ಫೋನು ಮಾಡಿದ. "ಅಕ್ಕಾರ, ಬೀಜದ ಕಬ್ಬು ಕಡಿಸಿದವ ಯಾರಂತ್ರಿ?"

"ಮೌನೇಶರಿ."

"ಯಾವ ಮೌನೇಶ? ಬಾಯ್ಲರಿನ ಮೌನೇಶನೋ, ಆಫೀಸಿನವನೋ?"

ಕಾರ್ಖಾನೆಯಲ್ಲಿ ಇಬ್ಬರು ಮೌನೇಶರು ಇದ್ದದ್ದು ನಿಜ. ಆಫೀಸಿನವನು ಅಂದಿದ್ದರೆ ಸಾಕಿತ್ತು. ಮಧುಮತಿಗೆ ಹುಬ್ಬಳ್ಳಿಯ ಡಾಕ್ಟರು ನೆನಪಾದರು, ಜ್ಯೋತಿ ಅತ್ತದ್ದು ನೆನಪಾಯಿತು. ನೆನಪಾಗಿಯೇ ಅಂದಳು.

"ಬೀಜಗೇಡಿ ಮೌನೇಶ."

ಆ ಕಡೆ ಉಳವಪ್ಪ ಹೊಟ್ಟೆ ಹಿಡಿದುಕೊಂಡು ನಕ್ಕದ್ದು ಕೇಳಿಸಿತು. ಕಬ್ಬಿನ ಬೀಜ ಹಾಳು ಮಾಡಿದವನು ಅನ್ನುವುದು ಒಂದರ್ಥ; ಇನ್ನೊಂದು ಅರ್ಥವನ್ನು ಯಾರಿಗೂ ಬಿಡಿಸಿ ಹೇಳಬೇಕಾಗಿರಲಿಲ್ಲ. ಎಂಟು ದಿನದಲ್ಲಿ ಹೆಸರು ಹಳಿಯಾಳದ ಬಸ್‌ಸ್ಟ್ಯಾಂಡ್ ಮುಟ್ಟಿತು, ಹದಿನೈದು ದಿನದಲ್ಲಿ ದಾಂಡೇಲಿ. ಟ್ರ್ಯಾಕ್ಟರಿನವರು ಕಾಟಾದ ಮುಂದೆ ಸಾಲುಗಟ್ಟಿ ನಿಂತು ಅದೇ ಹೆಸರು ಹಿಡಿದು ಕೂಗುತ್ತಿದ್ದರು. ಮೌನೇಶ ಯಾರ ಮುಖವನ್ನೂ ನೋಡದೆ ಚೀಟಿ ಹರಿದು ಕೊಡುತ್ತಿದ್ದ. ಮಧುಮತಿ ಊಟದ ಬಿಡುವಿನಲ್ಲಿ ಕಾಟಾದ ದಾರಿಯಲ್ಲೇ ನಡೆದು ಹೋಗಿ ಅದನ್ನು ಕಣ್ಣು ತುಂಬ ನೋಡಿ ಬರುವಳು. ರೊಟ್ಟಿ ರುಚಿ ಹತ್ತುತ್ತಿತ್ತು, ರಾತ್ರಿ ನಿದ್ದೆ ಚೆನ್ನಾಗಿ ಬರುತ್ತಿತ್ತು. ರಜಾದ ಮಧುಮತಿ ಎಂದು ಯಾರೂ ಈಗ ಅನ್ನುತ್ತಿರಲಿಲ್ಲ. ಅನ್ನುವ ಧೈರ್ಯ ಯಾರಿಗೂ ಇರಲಿಲ್ಲ.

ಜನವರಿಯ ಒಂದು ಮುಂಜಾನೆ ಆಫೀಸಿನ ಫೋನು ಹೊಡೆದುಕೊಂಡಿತು. ನಾಲ್ಕು ಪಟ್ಟಿಗಳನ್ನು ಮುಂದೆ ಹರಡಿಕೊಂಡಿದ್ದ ಮಧುಮತಿ, ಫೋನನ್ನು ಕಿವಿಗೂ ಭುಜಕ್ಕೂ ನಡುವೆ ಸಿಕ್ಕಿಸಿಕೊಂಡಳು. ಒಂದು ಹೆಣ್ಣುದನಿ. ಮೊಬೈಲೂ ಕಾಟಾದ ಫೋನೂ ಹತ್ತುತ್ತಿಲ್ಲ, ಮೌನೇಶರನ್ನು ಸ್ವಲ್ಪ ಕರೆಯಿರಿ, ಅವರ ತಾಯಿಗೆ ಹುಷಾರಿಲ್ಲ ಅಂದಿತು.

"ಯಾವ ಮೌನೇಶರಿ?" ಎಂದು ಮಧುಮತಿ ರೂಢಿಯಂತೆ ಕೇಳಿದಳು.

ಆ ದನಿ ಹೇಳಿತು, ಈ ಸಲ ತೀರ ಸಣ್ಣಗೆ.

"ಬೀಜಗೇಡಿ ಮೌನೇಶ ಅಂತಾರಲ್ರಿ, ಅವರು. ಹಂಗಂದ್ರನಽ ಎಲ್ಲಾರಿಗೂ ಗೊತ್ತಾಗತೈತಿ. ನಾನು ಅವರ ಮನಿಯಾಕಿರಿ."

ಮಧುಮತಿಯ ಕೈಯಲ್ಲಿದ್ದ ಪೆನ್ನು ನಿಂತಿತು. ಮುನ್ನೂರು ದನಿ ಗುರುತು ಹಿಡಿಯುವವಳಿಗೆ ಇದೊಂದು ದನಿಯ ಗುರುತು ಮಾತ್ರ ಮೊದಲಿಗೆ ಸಿಕ್ಕಿರಲಿಲ್ಲ.

"ಮಧುಮತಿ ಅಕ್ಕಾರ?" ಜ್ಯೋತಿ ಕೇಳಿದಳು. "ನೀವ ಏನ್ರಿ ಅಕ್ಕಾರ?"

"ಅಲ್ರಿ" ಅಂದಳು ಮಧುಮತಿ. ಫೋನು ಕೆಳಗಿಟ್ಟಳು.